ಕಲ್ಯಾಣಪ್ಪನ ಗುಂಡಿಗೆ

ಶವಾಗಾರದ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ ಮಹಾದೇವಮ್ಮ ಅಳುತ್ತಿರಲಿಲ್ಲ. ಅಳುವವರನ್ನು ಸಮಾಧಾನಪಡಿಸಿ ಮಾತಿಗೆಳೆಯುವುದು ಪ್ರಮಿತಾಗೆ ರೂಢಿಯಾಗಿತ್ತು. ಅಳದವರ ಮುಂದೆ ಹೇಗೆ ಶುರು ಮಾಡಬೇಕೆಂದು ತಿಳಿಯದೆ ಅವಳು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು.

ಒಳಗೆ ಮಲಗಿದ್ದವನು ಆ ತಾಯಿಯ ಹಿರಿಯ ಮಗ ಕಲ್ಯಾಣಪ್ಪ. ಶಹಾಬಾದದ ಪಕ್ಕದ ಭಂಕೂರಿನವನು, ಇನ್ನೂ ಮೂವತ್ತು ದಾಟಿರಲಿಲ್ಲ. ಬೆಳಿಗ್ಗೆ ಕಲ್ಲು ಪಾಲಿಶ್ ಮಾಡುವಲ್ಲಿ ಜೊತೆಯವನೊಂದಿಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎತ್ತುತ್ತಿದ್ದವನು ತನ್ನ ಕಡೆಯ ಅಂಚನ್ನು ಮೆಲ್ಲಗೆ ಕೆಳಗಿಟ್ಟು, "ಜರಾ ನಿಂದ್ರೋ" ಎಂದು ಕುಳಿತನಂತೆ. ಕುಳಿತವನು ಹಾಗೇ ಮಗ್ಗುಲಿಗೆ ವಾಲಿದ. ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ಗಟ್ಟಿಮುಟ್ಟಾದ ಆಳು ಇದ್ದಕ್ಕಿದ್ದಂತೆ ಸತ್ತದ್ದರಿಂದ ಪೊಲೀಸರು ಪಂಚನಾಮೆ ಮಾಡಿ, ಹೆಣವನ್ನು ನಗರದ ಮೆಡಿಕಲ್ ಕಾಲೇಜಿಗೆ ಕಳಿಸಿದ್ದರು.

ಪ್ರಮಿತಾ ಅದೇ ಕಾಲೇಜಿನಲ್ಲಿ ಪೆಥಾಲಜಿ ಓದುತ್ತಿದ್ದ ಡಾಕ್ಟರು. ಕೊನೆಯ ವರ್ಷಕ್ಕೆ ಬಂದಿದ್ದಳು. ದೊಡ್ಡದಾದ ಹೃದಯದ ಸ್ನಾಯುವಿನಲ್ಲಿ ಕೊಲಾಜನ್ ಹೇಗೆ ಬದಲಾಗುತ್ತದೆ ಎನ್ನುವುದು ಅವಳ ಪ್ರಬಂಧದ ವಿಷಯ. ಕೊಲಾಜನ್ ಅಂದರೆ ಮೈಯನ್ನು ಒಳಗಿನಿಂದ ಹಿಡಿದಿಡುವ ನಾರು. ಹೃದಯದ ಎಳೆ ಎಳೆಯ ನಡುವೆಯೂ ಅದು ಇರುತ್ತದೆ, ಇರಬೇಕಾದಷ್ಟು. ಹೃದಯ ದಪ್ಪವಾದಾಗ ಅದು ಅಳತೆ ಮೀರಿ ಬೆಳೆದು ಸ್ನಾಯುವನ್ನು ಬಿರುಸು ಮಾಡುತ್ತದೆ, ಬಡಿತದ ದಾರಿಗೆ ಅಡ್ಡ ಬರುತ್ತದೆ. ಎಲ್ಲಿ ಎಷ್ಟು ಬೆಳೆದಿದೆ ಎಂದು ನೋಡಲು ಪ್ರಮಿತಾಗೆ ಚೂರುಪಾರು ಸಾಲುತ್ತಿರಲಿಲ್ಲ. ಇಡೀ ಹೃದಯ ಬೇಕು. ಅದನ್ನು ಇಟ್ಟುಕೊಳ್ಳಲು ಮನೆಯವರ ಒಪ್ಪಿಗೆ ಬೇಕು.

ಅವಳು ಮಹಾದೇವಮ್ಮನ ಪಕ್ಕ ಕುಳಿತಳು.

"ಯವ್ವಾ, ನಿಮ್ಮ ಮಗನ ಹೃದಯ ದೊಡ್ಡದಾಗಿತ್ತು ಅಂತ ಕಾಣಸ್ತದ್ರಿ. ಯಾಕ ಹಂಗಾತು ಅಂತ ತಿಳಕೊಳ್ಳಲಿಕ್ಕೆ ಪರೀಕ್ಷಾಕ್ಕ ಒಂದು ತುಕಡಿ ಬೇಕಾಗ್ತದ."

"ತುಕಡಿ ಅಂದ್ರ ಎಷ್ಟವ್ವಾ?"

ಪ್ರಮಿತಾ ಬೆರಳ ತುದಿ ತೋರಿಸಿದಳು.

"ಉಳಿದದ್ದು ಒಳಗಿಟ್ಟು ಹೊಲೀತೀರಿ, ಹೌದಿಲ್ಲೊ? ನಮ್ಮಲ್ಲಿ ಸುಡಂಗಿಲ್ಲವ್ವಾ. ಕೈಯಾಗ ಲಿಂಗ ಕೊಟ್ಟು, ಕುಂದ್ರಿಸಿ ಮಣ್ಣು ಕೊಡ್ತೀವಿ. ಅಂವ ಪೂರಾ ಹೋಗಬೇಕು ನೋಡು."

"ಹೂಂನ್ರಿ," ಎಂದಳು ಪ್ರಮಿತಾ.

ಅಷ್ಟೇ. ಅದಕ್ಕಿಂತ ಹೆಚ್ಚು ಮಾತೂ ಆಗಲಿಲ್ಲ. ಮಹಾದೇವಮ್ಮ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ, ಸೆರಗಿಗೆ ಬೆರಳು ಒರೆಸಿಕೊಂಡಳು. ಕಿರಿಯ ಮಗ ಸಂಗಮೇಶ್ವರ ಗೇಟಿನ ಹತ್ತಿರ ಗಾಡಿಗಾಗಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಇಳಿಹೊತ್ತಿಗೆ ಹೆಣವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಹೃದಯ ಮಾತ್ರ ಪ್ರಮಿತಾಳ ವಿಭಾಗದ ಕಪಾಟಿನಲ್ಲಿ, ಕೊಳೆಯದಂತೆ ಇಡುವ ಫಾರ್ಮಲಿನ್ ತುಂಬಿದ ಡಬ್ಬಿಯೊಳಗೆ ಉಳಿಯಿತು.

ಅವಳಿಗೆ ಆಗ ಅದು ದೊಡ್ಡ ಸುಳ್ಳೆಂದು ಅನಿಸಿರಲಿಲ್ಲ. ದುಃಖದಲ್ಲಿದ್ದವರಿಗೆ ಇಡೀ ಹೃದಯ ಬೇಕು ಎಂದರೆ ಎದೆ ಒಡೆಯುತ್ತದೆ, ಹೇಳದಿರುವುದೇ ಕರುಣೆ ಎಂದುಕೊಂಡಿದ್ದಳು. ಹಾಗೆ ಅಂದುಕೊಳ್ಳುವುದು ಅನುಕೂಲವೂ ಆಗಿತ್ತು.

ಹೃದಯ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಅವಳು ಅದನ್ನು ಅಡ್ಡಡ್ಡ ಕೊಯ್ದಳು. ನಡುಗೋಡೆ ವಿಚಿತ್ರವಾಗಿ ದಪ್ಪಗಿತ್ತು. ಬಿ.ಪಿ.ಯಿಂದ ಬೆಳೆದ ಹೃದಯ ಎಲ್ಲ ಕಡೆ ಒಂದೇ ಸಮ ಬೆಳೆದಿರುತ್ತದೆ. ಇದು ಹಾಗಿರಲಿಲ್ಲ. ಸ್ಲೈಡು ಮಾಡಿ ಬಣ್ಣ ಹಾಕಿದಳು. ಸ್ನಾಯು ಕೆಂಪಾಗಿ, ಕೊಲಾಜನ್ ನೀಲಿಯಾಗಿ ಕಾಣುವ ಬಣ್ಣ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಾಗ, ಸಾಲು ಹಿಡಿದು ಮಲಗಿರಬೇಕಾದ ಕೆಂಪು ಎಳೆಗಳು ದಿಕ್ಕಾಪಾಲಾಗಿ ಬಿದ್ದಿದ್ದವು. ಅವುಗಳ ನಡುವೆಲ್ಲ ನೀಲಿ ಹರಡಿತ್ತು. ಕೆಲವು ಕಡೆ ಸ್ನಾಯುವೇ ಇಲ್ಲ, ಬರೀ ನೀಲಿ.

ವಿಭಾಗದ ಮುಖ್ಯಸ್ಥರು ಡಾ. ಗುರುಲಿಂಗಯ್ಯ, ಅವಳ ಮಾರ್ಗದರ್ಶಕರೂ ಅವರೇ. ಸ್ಲೈಡನ್ನು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು.

"ಇದು ಬಿ.ಪಿ. ಹೃದಯ ಅಲ್ಲ ಪ್ರಮಿತಾ. ಇದು ಮನೆತನದಾಗ ಬರೂದು. ಹುಟ್ಟತಾ ಬಂದಿರ್ತದ, ಗೊತ್ತೇ ಆಗಂಗಿಲ್ಲ. ಅವನಿಗಿ ಅಣ್ಣತಮ್ಮ ಇದ್ದಾರೇನು?"

"ತಮ್ಮ ಅದಾನ್ರಿ ಸರ್."

"ಅವನಿಗಿ ಲಗೂನ ತಿಳಿಸು. ತಮ್ಮನೂ ಭಾರ ಎತ್ತು ಕೆಲಸ ಮಾಡ್ತಿದ್ರ ಕಷ್ಟ. ಹೃದಯದ್ದೊಂದು ಎಕೋ ಸ್ಕ್ಯಾನ್ ಮಾಡಿಸ್ಲಿ."

"ಹೂಂನ್ರಿ ಸರ್," ಎಂದಳು ಪ್ರಮಿತಾ. ಅದೇ ಪದವನ್ನು ಅವಳು ಮಹಾದೇವಮ್ಮನಿಗೂ ಹೇಳಿದ್ದಳು.

ತಿಳಿಸುವುದು ಹೇಗೆ? ಬೆರಳ ತುದಿಯಷ್ಟು ತುಕಡಿ ಎಂದಿದ್ದಳು. ಈಗ ನಡುಗೋಡೆ ಇಷ್ಟು ದಪ್ಪ, ಎಡಗೋಡೆ ಇಷ್ಟು ಎಂದು ಹೇಳಲು ಹೋದರೆ, ಇಡೀ ಹೃದಯ ನಿನ್ನ ಕೈಗೆ ಹೇಗೆ ಬಂತು ಎಂದು ಕೇಳುತ್ತಾರೆ. ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದಳು. ಪರೀಕ್ಷೆಯ ಗಡಿಬಿಡಿ ಎಂದು ತನಗೆ ತಾನೇ ಹೇಳಿಕೊಂಡಳು. ಕೊನೆಗೊಂದು ಮಧ್ಯಾಹ್ನ, ಕ್ಯಾಂಟೀನಿನ ಹಿಂದೆ ನಿಂತು, ಒಪ್ಪಿಗೆಯ ಕಾಗದದಲ್ಲಿದ್ದ ಸಂಗಮೇಶ್ವರನ ನಂಬರಿಗೆ ಫೋನ್ ಮಾಡಿದಳು. ಹೆಸರು ಹೇಳಲಿಲ್ಲ.

"ಮೆಡಿಕಲ್ ಕಾಲೇಜಿನಿಂದ ಮಾತಾಡ್ಲಿಕತ್ತೀನ್ರಿ. ನಿಮ್ಮ ಅಣ್ಣನ ರಿಪೋರ್ಟ್ ಬಂದದ. ನೀವೂ ಒಮ್ಮೆ ಹೃದಯ ತಪಾಸಣಾ ಮಾಡಿಸಿಕೊಂಡ್ರ ಚಲೋ."

"ಯಾಕ್ರಿ? ನನಗೇನಾಗ್ಯಾದ?" ಹಿಂದೆ ಕಲ್ಲು ಕೊಯ್ಯುವ ಯಂತ್ರದ ಸದ್ದು ಜೋರಾಗಿತ್ತು.

"ಏನಿಲ್ರಿ, ಸುಮ್ಮ ಒಂದು ಸಲ..."

"ನಾ ಗಟ್ಟಿ ಅದೀನ್ರಿ. ನಿಮ್ಮ ತಪಾಸಣಾ ಪ್ಯಾಕೇಜು ಬ್ಯಾರೆ ಯಾರಿಗರೆ ಹೇಳ್ರಿ." ಫೋನ್ ಇಟ್ಟುಬಿಟ್ಟ.

ಪ್ರಮಿತಾ ಮತ್ತೆ ಮಾಡಲಿಲ್ಲ. ಹೇಳಿದ್ದೇನಲ್ಲ, ಕೇಳದಿದ್ದರೆ ನಾನೇನು ಮಾಡಲಿ ಎಂದುಕೊಂಡಳು. ಆದರೆ ಅಂದು ಊಟ ಸೇರಲಿಲ್ಲ. ಮರುದಿನವೂ ಸೇರಲಿಲ್ಲ. ಸ್ಲೈಡಿನ ಮುಂದೆ ಕುಳಿತರೆ ನೀಲಿ ಬಣ್ಣ ಕಣ್ಣಿಗೆ ಚುಚ್ಚುತ್ತಿತ್ತು. ಗುರುಲಿಂಗಯ್ಯನವರು ಒಮ್ಮೆ, "ಆ ತಮ್ಮಗ ತಿಳಿಸಿದೇನು?" ಎಂದು ಕೇಳಿದಾಗ, "ಫೋನ್ ಮಾಡೀನ್ರಿ ಸರ್" ಎಂದು ತಲೆ ತಗ್ಗಿಸಿದಳು. ಅದು ಸುಳ್ಳಲ್ಲ. ಅದಕ್ಕೇ ಅದು ಇನ್ನೂ ಕೆಟ್ಟದಾಗಿತ್ತು.

ಒಂದು ಭಾನುವಾರ ಶಹಾಬಾದದ ತನ್ನ ಮನೆಗೆ ಬಂದಿದ್ದಳು. ತಂದೆ ನರಸಿಂಹಾಚಾರ್ಯರು ಅಲ್ಲಿನ ಹೈಸ್ಕೂಲಿನಲ್ಲಿ ಸಂಸ್ಕೃತ ಮಾಸ್ತರರು. ಅಡುಗೆಮನೆಯ ಕಟ್ಟೆಗೆ ಹೊಸ ಕಲ್ಲು ಹಾಕಿಸಬೇಕೆಂದು ತಾಯಿ ಪದ್ಮಾಬಾಯಿ ಬೆನ್ನು ಹತ್ತಿದ್ದರು.

"ಪ್ರಮಿ, ನೀನೂ ಬಾರವ್ವ," ಎಂದರು ತಂದೆ. "ನಾ ಆರಿಸಿದ್ದು ನಿಮ್ಮವ್ವಗ ಎಂದೂ ಸೇರಂಗಿಲ್ಲ."

ಹೋದದ್ದು ಕಲ್ಲು ಪಾಲಿಶ್ ಮಾಡಿಸಿ ಮಾರುವ ಲಾಲ್ ಅಹ್ಮದನ ಅಂಗಳಕ್ಕೆ. ಪಾಲಿಶ್ ಯಂತ್ರಗಳ ಕೆಳಗೆ ಬೂದು ನೀರು ಹರಿಯುತ್ತಿತ್ತು. ಲಾಲ್ ಅಹ್ಮದ್ ಎದ್ದು ಬಂದು, "ಬರ್ರಿ ಮಾಸ್ತರ್ ಸಾಬ್, ಕುಂದ್ರಿ" ಎಂದು ಕುರ್ಚಿ ಹಾಕಿಸಿ, ಒಳಗಿನ ಕಡೆ ಕೂಗಿದ: "ಸಂಗ್ಯಾ! ಆ ನೀಲಿ ಛಾಯಾದ್ದು ಎರಡು ತೆಗೀ ನೋಡಮು."

ಗೋಡೆಗೆ ಒರಗಿಸಿದ ಕಲ್ಲುಗಳ ಮರೆಯಿಂದ ಇಬ್ಬರು ಆಳುಗಳು ಒಂದು ಉದ್ದನೆಯ ಫರ್ಸಿ ಹಿಡಿದು ಬಂದರು. ಮುಂದಿದ್ದವನ ಮುಖ ಪ್ರಮಿತಾಗೆ ಗುರುತು ಸಿಕ್ಕಿತು. ಶವಾಗಾರದ ಗೇಟಿನ ಬಳಿ ಫೋನ್ ಹಿಡಿದು ನಿಂತಿದ್ದವನು. ಅವನು ಕಲ್ಲಿನ ಅಂಚನ್ನು ನೆಲಕ್ಕಿಟ್ಟು, ಮೊಣಕಾಲಿನ ಮೇಲೆ ಎರಡೂ ಕೈ ಊರಿ ಬಗ್ಗಿ ನಿಂತ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ತುಟಿಯ ಬಣ್ಣ ಹೋಗಿತ್ತು. ಹಾಗೇ ಕುಕ್ಕರಿಸಿದ.

"ಏನಾತೋ?" ಎಂದ ಲಾಲ್ ಅಹ್ಮದ್.

"ಏನಿಲ್ಲ ಸೇಠ್, ಬಿಸಲಿಗಿ ಕಣ್ಣಿಗಿ ಕತ್ತಲಿ ಬಂತು."

"ಇದು ಎರಡನೇ ಸಲ ನೋಡ್ರಿ," ಎಂದು ಲಾಲ್ ಅಹ್ಮದ್ ದನಿ ತಗ್ಗಿಸಿ ಮಾಸ್ತರರಿಗೆ ಹೇಳಿದ. "ಇವನ ಅಣ್ಣ ಇಲ್ಲೇ ನನ್ನ ಕಣ್ಣೆದುರಿಗೇ ಹೋದ. ನೀ ಈ ಕೆಲಸಕ್ಕ ಬರಬ್ಯಾಡೋ ಅಂದೆ. ಮನಿ ನಡೀಬೇಕಲ್ಲ ಅಂತಾನ."

ಪ್ರಮಿತಾ ತಟ್ಟನೆ ಎದ್ದಳು. ಅವಳು ಲಾಲ್ ಅಹ್ಮದನ ಹತ್ತಿರ ಹೋಗಿ, "ಇವತ್ತಿನಿಂದ ಇವರ ಕೈಲೆ ಕಲ್ಲು ಎತ್ತಿಸಬ್ಯಾಡ್ರಿ. ನಾ ಡಾಕ್ಟರ್ ಅದೀನಿ, ಕಾರಣ ಆಮ್ಯಾಲೆ ಹೇಳ್ತೀನಿ. ಈಗ ಮನಿಗಿ ಕಳಿಸ್ರಿ" ಎಂದಳು. ತಂದೆ ಗಾಬರಿಯಿಂದ ನೋಡುತ್ತಿದ್ದರು. "ಅಪ್ಪಾ, ನೀವು ಮನಿಗೆ ಹೋಗ್ರಿ. ನನಗ ಭಂಕೂರಕ್ಕ ಹೋಗೂದದ" ಎಂದು ರಸ್ತೆಗೆ ಬಂದು, ಸಿಕ್ಕ ಆಟೋ ಹತ್ತಿದಳು.

ಭಂಕೂರಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಹಾದೇವಮ್ಮ ಪಡಸಾಲೆಯಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪ್ರಮಿತಾಳನ್ನು ಕಂಡು ಕಣ್ಣು ಕಿರಿದು ಮಾಡಿದಳು, ಮರುಕ್ಷಣ ಗುರುತು ಹಿಡಿದು, "ಡಾಕ್ಟರಮ್ಮ! ಬಾ ಯವ್ವಾ, ಕುಂದ್ರು. ಬಿಸಲಾಗ ಬಂದೀದಿ" ಎಂದು ಒಳಗಿನಿಂದ ನೀರು ತಂದು ಕೊಟ್ಟಳು. ಆ ನೀರಿನ ತಂಬಿಗೆ ಕೈಯಲ್ಲಿ ಹಿಡಿದು ಮಾತಾಡುವುದು ಪ್ರಮಿತಾಗೆ ಆಗಲಿಲ್ಲ. ಕೆಳಗಿಟ್ಟಳು.

"ಯವ್ವಾ, ಅವತ್ತ ನಾ ನಿಮಗ ಸುಳ್ಳು ಹೇಳಿದೆ."

ಮಹಾದೇವಮ್ಮ ಮೊರ ಬದಿಗೆ ಸರಿಸಿದಳು.

"ತುಕಡಿ ಅಂದಿದ್ದೆ. ತುಕಡಿ ಅಲ್ರಿ. ಇಡೀ ಹೃದಯ ತಗೊಂಡೆ. ಒಳಗ ಇಟ್ಟು ಹೊಲೀಲಿಲ್ಲ. ನನ್ನ ಓದಿಗಿ ಬೇಕಾಗಿತ್ತು. ಕೇಳಿದ್ರ ನೀವು ಕೊಡಂಗಿಲ್ಲ ಅನಿಸ್ತು, ಅದಕ್ಕ ಕೇಳಲಿಲ್ಲ."

ಮಹಾದೇವಮ್ಮ ತನ್ನ ಬಲಗೈಯನ್ನು ತಾನೇ ನೋಡಿಕೊಳ್ಳುತ್ತ ಮೆಲ್ಲಗೆ ಹೇಳಿದಳು:

"ಕುಂದ್ರಿಸಿದ ಮ್ಯಾಲ ಅವನ ಎದಿಗಿ ನಾನೇ ವಿಭೂತಿ ಹಚ್ಚೀನಿ. ಈ ಕೈಲೆ. ಹಿಂಗ ಒತ್ತಿ ಇಟ್ಟಿದ್ದೆ, ಬಿಡೂದು ಮನಸಾಗಲಿಲ್ಲ. ಒಳಗ ಏನೂ ಇರಲಿಲ್ಲ ಅಂತ ನನಗ ತಿಳೀಲಿಲ್ಲ."

ಪ್ರಮಿತಾಗೆ ಬೈಗುಳ ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮುಖ ಮುಚ್ಚಿಕೊಂಡಳು. ಆದರೆ ಬಂದ ಕೆಲಸ ಇನ್ನೂ ಮುಗಿದಿರಲಿಲ್ಲ. ತಡವರಿಸುತ್ತ, ಆ ರೋಗ ಮನೆತನದಲ್ಲಿ ಹರಿದು ಬರುವಂಥದ್ದು, ಸಂಗಮೇಶ್ವರನಿಗೂ ಇರಬಹುದು, ಅವನು ಈಗಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಹೇಳಿದಳು. ಹೇಳುತ್ತಿರುವಾಗಲೇ ಸಂಗಮೇಶ್ವರ ಬಾಗಿಲಲ್ಲಿ ಬಂದು ನಿಂತಿದ್ದ. ಲಾಲ್ ಅಹ್ಮದ್ ಅವನನ್ನು ಗಾಡಿಯ ಮೇಲೆ ಕಳಿಸಿದ್ದ. ಎಷ್ಟು ಕೇಳಿಸಿಕೊಂಡನೋ, ಮುಖ ಕಪ್ಪಿಟ್ಟಿತ್ತು.

"ಆ ಫೋನು ನಿಂದೇ ಏನು?"

"ಹೌದ್ರಿ."

"ಅವತ್ತ ದವಾಖಾನಿಯಾಗೂ ನೀ ಡಾಕ್ಟರೇ ಇದ್ದಿ. ಅವತ್ತ ಹೇಳಿದ್ದು ಸುಳ್ಳು. ಫೋನಿನಾಗ ಏನಿಲ್ಲ ಅಂದಿ, ಅದೂ ಸುಳ್ಳು. ಇವತ್ತಿಂದು ಹೆಂಗ ಖರೆ ಆಗ್ತದ? ಮತ್ತೇನು ಬೇಕಾಗ್ಯಾದ ನಿನಗ? ನಂದೂ ಬೇಕೇನು?"

ಇಷ್ಟು ದಿನ ಪ್ರಮಿತಾ ಹೆದರಿದ್ದು ನಾಚಿಕೆಗೆ, ಹೆಸರು ಕೆಡುವುದಕ್ಕೆ. ತಾನು ನಿಜ ಹೇಳಿದಾಗಲೂ ಯಾರೂ ನಂಬದಂತೆ ಆಗಬಹುದು, ಆ ನಂಬದಿರುವುದರಿಂದಲೇ ಈ ಆಳು ಸಾಯಬಹುದು ಎಂಬುದು ಅವಳ ತಲೆಗೆ ಬಂದೇ ಇರಲಿಲ್ಲ. ಅವನು ಅಂಗಳದ ಕಡೆ ಕೈ ಮಾಡಿ, "ನಡೀ ಹೊರಗ" ಎಂದ. ಅವಳು ಎದ್ದಳು.

"ನಿಂದ್ರು," ಎಂದಳು ಮಹಾದೇವಮ್ಮ. ಮಗನ ಕಡೆ ತಿರುಗಿ, "ಇಕಿನ್ನ ನಂಬು ಅಂತ ನಾ ಅನ್ನಂಗಿಲ್ಲ. ಕಣ್ಣಿಲೆ ನೋಡಮು. ಕಲ್ಯಾಣಂದು ನನಗ ತೋರಸವ್ವಾ. ಯಾವ ಡಬ್ಬಿಯಾಗ ಇಟ್ಟೀದಿ, ತೋರಸು."

ಮರುದಿನ ತಾಯಿ ಮಗ ಇಬ್ಬರೂ ಕಾಲೇಜಿಗೆ ಬಂದರು. ಪ್ರಮಿತಾ ಮುಂಜಾನೆಯೇ ಗುರುಲಿಂಗಯ್ಯನವರ ಮುಂದೆ ಎಲ್ಲವನ್ನೂ ಹೇಳಿದ್ದಳು. ಅವರು ಕೂಗಾಡಲಿಲ್ಲ. ತಾವೇ ಬಾಗಿಲ ತನಕ ಬಂದು ಮಹಾದೇವಮ್ಮನಿಗೆ, "ಶರಣ್ರಿ ಅವ್ವಾ" ಎಂದು ಕೈ ಮುಗಿದರು. "ಮನಿಯವರು ಒಪ್ಪ್ಯಾರ ಅಂತ ಇಕಿ ಹೇಳಿದ್ದು ನಾ ನಂಬಿದೆ. ನಿಮ್ಮನ್ನ ನಾ ಕೇಳಬೇಕಿತ್ತು. ತಪ್ಪು ನಂದೂ ಅದ." ಮಹಾದೇವಮ್ಮ ಕೈ ಮುಗಿದಳು.

ಪ್ರಮಿತಾ ಹೃದಯವನ್ನು ತಟ್ಟೆಯಲ್ಲಿ ತಂದಿಟ್ಟಳು. ಕೊಯ್ದ ಹೋಳುಗಳನ್ನು ಮತ್ತೆ ಜೋಡಿಸಿ ಇಟ್ಟಿದ್ದಳು. ಫಾರ್ಮಲಿನ್ ವಾಸನೆಗೆ ಎಲ್ಲರ ಕಣ್ಣಲ್ಲೂ ನೀರು. ಮಹಾದೇವಮ್ಮ ಮುಟ್ಟಲು ಕೈ ಚಾಚಿದಾಗ, ಪ್ರಮಿತಾ ಆ ಒರಟು ಬೆರಳುಗಳಿಗೆ ಒಂದೊಂದಾಗಿ ಕೈಗವಸು ತೊಡಿಸಿದಳು. ಆಕೆ ಬೊಗಸೆಯಲ್ಲಿ ಅದನ್ನು ಎತ್ತಿಕೊಂಡಳು.

"ಇಷ್ಟು ಭಾರ ಇರ್ತದೇನು?"

"ಇರಂಗಿಲ್ರಿ. ಇವರದು ಬೆಳೆದಿತ್ತು."

"ಅವನಿಗಿ ನೋವಾಗಿತ್ತೇನು?"

"ಬಡಿತ ತಪ್ಪಿ ನಿಂತದ್ರಿ. ಕಣ್ಣಿಗಿ ಕತ್ತಲಿ ಬಂದಂಗಾಗಿರಬೇಕು. ನೋವು ಆಗಿಲ್ಲ ಅಂತ ನಾ ಹೇಳಬಹುದು, ಆದ್ರ ನನಗ ಗೊತ್ತಿಲ್ರಿ ಯವ್ವಾ."

ಆ ಮಾತಿಗೆ ಮಹಾದೇವಮ್ಮ ಆ ದಿನ ಮೊದಲ ಸಲ ಅವಳ ಮುಖ ನೋಡಿದಳು.

ಸಂಗಮೇಶ್ವರ ಗೋಡೆಯ ಬದಿಗೆ ನಿಂತಿದ್ದ. ಪ್ರಮಿತಾ ಸೂಕ್ಷ್ಮದರ್ಶಕದ ದೀಪ ಹಚ್ಚಿ, ಮೊದಲು ಒಂದು ಆರೋಗ್ಯವಂತ ಹೃದಯದ ಸ್ಲೈಡು ಇಟ್ಟಳು. ಅವನು ಬಗ್ಗಿ ನೋಡಿದ. ಕೆಂಪು ಎಳೆಗಳು ಒಂದರ ಪಕ್ಕ ಒಂದು. ಆಮೇಲೆ ಅಣ್ಣನ ಸ್ಲೈಡು ಇಟ್ಟಳು. ನೀಲಿ ಏನೆಂದು ಹೇಳಿದಳು. ಎಳೆಗಳ ಸಾಲು ಕೆಟ್ಟಿದೆ, ನಡುವೆ ನಾರು ತುಂಬಿದೆ, ಭಾರ ಎತ್ತಿದಾಗ ಬಡಿತ ಆ ನಾರಿಗೆ ಸಿಕ್ಕು ದಾರಿ ತಪ್ಪುತ್ತದೆ ಎಂದಳು. ಅವನು ಕಣ್ಣು ತೆಗೆಯಲಿಲ್ಲ.

"ನನ್ನ ಒಳಗೂ ಹಿಂಗೇ ಅದೇನು?"

"ಗೊತ್ತಿಲ್ರಿ. ನೋಡೂಣು."

ಎಕೋ ಕೋಣೆ ಕೆಳಗಿನ ಅಂತಸ್ತಿನಲ್ಲಿತ್ತು. ಅವನ ನಡುಗೋಡೆಯೂ ದಪ್ಪಗಿತ್ತು, ಅಣ್ಣನಷ್ಟಲ್ಲ. ಆಮೇಲೆ ಮಾಡಿಸಿದ ಎಂಆರ್‌ಐಯಲ್ಲಿ ಕೊಲಾಜನ್ನಿನ ಕಲೆ ಅಲ್ಲಲ್ಲಿ ಚುಕ್ಕೆಯಂತೆ ಕಂಡಿತು. ಬೆಳೆದ ನಾರನ್ನು ತೆಗೆಯುವ ಮದ್ದು ಇಲ್ಲ. ಆದರೆ ಮಾತ್ರೆ ತಪ್ಪಿಸದಿದ್ದರೆ, ಭಾರ ಎತ್ತದಿದ್ದರೆ, ವರ್ಷಕ್ಕೊಮ್ಮೆ ತೋರಿಸುತ್ತಿದ್ದರೆ ಸಂಸಾರ ಮಾಡಿಕೊಂಡು ಬಾಳಬಹುದು ಎಂದರು ಹೃದಯದ ಡಾಕ್ಟರು. ಲಾಲ್ ಅಹ್ಮದ್ ಅವನನ್ನು ಕಲ್ಲಿನ ಅಳತೆ ತೆಗೆಯುವ ಕೆಲಸಕ್ಕೆ ಹಚ್ಚಿದ. ಅಷ್ಟರ ಮಟ್ಟಿಗೆ ಒಳ್ಳೆಯದೇ ಆಯಿತು. ಪ್ರಮಿತಾಗೆ ಮಾತ್ರ, ಆ ಫೋನ್ ಕರೆಯಿಂದ ಆ ಭಾನುವಾರದ ತನಕ ಅವನು ಎತ್ತಿದ ಒಂದೊಂದು ಕಲ್ಲೂ ತನ್ನ ಎದೆಯ ಮೇಲೇ ಇದ್ದಂತೆ ಅನಿಸುತ್ತಿತ್ತು.

ಕಾಲೇಜಿನ ಅಪ್ಪಣೆ ಪಡೆದು ಹೃದಯವನ್ನು ಮನೆಯವರಿಗೆ ಒಪ್ಪಿಸಿದರು. ಕೊಡುವಾಗ ಪ್ರಮಿತಾ, "ಯವ್ವಾ, ಇದು ಪೂರಾ ಅಲ್ರಿ. ಮೇಣದಾಗ ಇಟ್ಟ ಕೆಲವು ತುಣುಕು, ಆ ಸ್ಲೈಡು ಇನ್ನೂ ನಮ್ಮಲ್ಲೇ ಅವ. ಅವೂ ಬೇಕಂದ್ರ ಕೊಡ್ತೀವಿ" ಎಂದಳು.

ಮಹಾದೇವಮ್ಮ ಯೋಚಿಸಿದಳು. "ಸಂಗ್ಯಾಗ ನಾಳೆ ಮಕ್ಕಳಾದ್ರ ಬೇಕಾಗ್ತಾವೇನು?"

"ಬೇಕಾಗಬಹುದ್ರಿ."

"ಹಂಗಾದ್ರ ಇರಲಿ. ಈಗ ನಾ ಕೊಟ್ಟೀನಿ. ಅವತ್ತ ಕೊಟ್ಟಿರಲಿಲ್ಲ."

ಭಂಕೂರಿನ ಹೊಲದ ಬದುವಿನಲ್ಲಿ, ಕಲ್ಯಾಣಪ್ಪನ ಸಮಾಧಿಯ ಮಗ್ಗುಲಿಗೆ ಸಣ್ಣ ಗುಂಡಿ ತೋಡಿದ್ದರು. ಪ್ರಮಿತಾಳನ್ನು ಯಾರೂ ಕರೆದಿರಲಿಲ್ಲ, ಬಂದವಳನ್ನು ಯಾರೂ ತಡೆಯಲೂ ಇಲ್ಲ. ಸ್ವಾಮಿಗಳು ಮಂತ್ರ ಹೇಳಿದರು. ಮಹಾದೇವಮ್ಮ ಬಿಳಿ ಬಟ್ಟೆಯ ಗಂಟಿಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಕೆಳಗಿಳಿಸಿದಳು. ಎಲ್ಲ ಮುಗಿದು ಜನ ಚದುರಿದ ಮೇಲೆ, ಹೊಲದ ಅಂಚಿನಲ್ಲಿ ನಿಂತವಳ ಹತ್ತಿರ ಬಂದಳು.

"ನಿನ್ನಿಂದ ಸಂಗ್ಯಾ ಉಳದಾನ, ಅದೂ ಖರೆ. ನೀ ನನಗ ಮೋಸ ಮಾಡೀದಿ, ಅದೂ ಖರೆ. ಇದಕ್ಕ ಅದು ವಜಾ ಆಗಂಗಿಲ್ಲವ್ವಾ. ಮನಸು ಯಾವಾಗ ತಿಳಿ ಆಗ್ತದೊ ನನಗೂ ಗೊತ್ತಿಲ್ಲ. ಹೋಗಿ ಬಾ."

ಕಾಲೇಜಿಗೆ ಮರಳಿದ ದಿನ ಗುರುಲಿಂಗಯ್ಯನವರು ಕಪಾಟಿನ ಮುಂದೆ ನಿಂತಿದ್ದರು.

"ಇದೊಂದೇ ಏನು ಪ್ರಮಿತಾ?"

ಅವಳು ತಲೆ ಅಲ್ಲಾಡಿಸಿದಳು. ಒಂದೇ ಅಲ್ಲ. ಬೆರಳ ತುದಿ ತೋರಿಸುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬೇರೆಯವರಿಗೂ ಹಾಗೇ ತೋರಿಸಿದ್ದಳು. ಚಿತ್ತಾಪುರದ ಒಬ್ಬ ಹೆಂಗಸು, ವಾಡಿಯ ರೈಲ್ವೆ ನೌಕರ, ಚಿಂಚೋಳಿ ಕಡೆಯ ಒಬ್ಬ ರೈತ. ಡಬ್ಬಿಗಳು ಸಾಲಾಗಿ ಕುಳಿತಿದ್ದವು.

"ಪ್ರಬಂಧ ಈ ವರ್ಷ ಆಗಂಗಿಲ್ಲ," ಎಂದರು ಅವರು.

"ಗೊತ್ತದ್ರಿ ಸರ್."

ಆ ವಾರ ಅವಳು ಚಿಂಚೋಳಿ ಕಡೆಯ ಕೊಡ್ಲಿಗೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟುತ್ತ, ಕೆಡಿಸುತ್ತ ಕುಳಿತಳು. ಬಸ್ಸಿಳಿದು ವಿಚಾರಿಸಿ, ಗೊಲ್ಲಾಳಪ್ಪನವರ ಮನೆ ಯಾವುದೆಂದು ಕೇಳಿ ಹೋದಳು. ಸತ್ತ ರೈತನ ತಂದೆ ಅವರು. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಮುದುಕ ತಲೆ ಎತ್ತಿ, "ಯಾರು ತಾಯಿ? ಬಾ, ಕುಂದ್ರು" ಎಂದು ಪಕ್ಕದಲ್ಲಿ ಜಾಗ ತೋರಿಸಿದ.

ಪ್ರಮಿತಾ ಕುಳಿತುಕೊಳ್ಳಲಿಲ್ಲ. "ಮೊದಲು ನಾ ಯಾರಂತ ಹೇಳ್ತೀನ್ರಿ," ಎಂದಳು. "ಕೇಳಿದ ಮ್ಯಾಲ ಕುಂದ್ರು ಅಂದ್ರ ಕುಂದ್ರತೀನಿ."